ಕೀಲುವಾತ: ಹೊಸ ಸೂಜಿ, ಹಳೆಯ ಕ್ಷಯ

ಜೋಳದ ರೊಟ್ಟಿ ತಟ್ಟಲು ಗಟ್ಟಿ ಮಣಿಕಟ್ಟು ಬೇಕು, ಹತ್ತು ಬೆರಳೂ ಬೇಕು. ವಿಜಯಪುರದ ಅರಕೇರಿ, ತಿಕೋಟಾ, ಬಬಲೇಶ್ವರದ ಕಡೆ ಬೆಳಗಾದರೆ ಬೆರಳು ಮಡಚಲಾಗದ ತಾಯಂದಿರನ್ನು ನೀವು ಕಂಡಿರಬಹುದು. ವಾಯು ಹಿಡಿಯಿತೆಂದು ಸುಮ್ಮನಾಗುವುದು ವಾಡಿಕೆ. ಎರಡೂ ಕೈಗಳ ಸಣ್ಣ ಕೀಲುಗಳು ಬಾತು, ಬೆಳಗಿನ ಬಿಗಿತ ಗಂಟೆ ಕಳೆದರೂ ಬಿಡದಿದ್ದರೆ ಅದು ರುಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ದೇಹದ ರಕ್ಷಣಾ ಪಡೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ರೋಗವಿದು.

1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕಾರ್ಟಿಸೋನ್ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ದೀರ್ಘಕಾಲ ಕೊಟ್ಟಾಗ ಮುಖ ಊದಿತು, ಮೂಳೆ ಟೊಳ್ಳಾಯಿತು. ಇನ್ನೊಂದು ಮದ್ದು ಮೆಥೊಟ್ರೆಕ್ಸೇಟ್. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ರೂಪುಗೊಂಡ ಕ್ಯಾನ್ಸರ್ ಔಷಧಿಯದು. 1988ರಲ್ಲಿ ಅಮೆರಿಕ ಅದನ್ನು ಕೀಲುವಾತಕ್ಕೂ ಒಪ್ಪಿತು. ಇಂದಿಗೂ ಚಿಕಿತ್ಸೆ ಸಾಮಾನ್ಯವಾಗಿ ಅದರಿಂದಲೇ ಆರಂಭ. ವಾರಕ್ಕೊಮ್ಮೆ ಮಾತ್ರ, ದಿನವೂ ನುಂಗಿದರೆ ಪ್ರಾಣಾಪಾಯ.

ಅದಕ್ಕೂ ಬಗ್ಗದ ರೋಗಕ್ಕೆ ಏನು ಮಾಡುವುದು? ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಕೀಲಿನ ಉರಿಯೂತಕ್ಕೆ ಟಿ.ಎನ್.ಎಫ್. ಎಂಬ ರಾಸಾಯನಿಕ ದೂತ ಮುಖ್ಯ ಕಾರಣವೆಂದು ಕಂಡುಕೊಂಡರು. ಅದನ್ನು ತಡೆಯುವ, ಜೀವಕೋಶಗಳಲ್ಲಿ ತಯಾರಾದ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಪ್ರತಿಕಾಯವನ್ನು 1992ರಲ್ಲಿ ರೋಗಿಗಳಿಗೆ ಕೊಟ್ಟರು. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೆಚ್ಚು ಪ್ರಮಾಣ ಪಡೆದ 24 ಮಂದಿಯಲ್ಲಿ 19 ಮಂದಿಗೆ ನಾಲ್ಕು ವಾರದಲ್ಲಿ ಗುಣ ಕಂಡಿತು. ಹುಸಿಮದ್ದು ಪಡೆದ 24 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಬಯೊಲಾಜಿಕ್ ಎಂಬ ಜೈವಿಕ ಔಷಧಿಗಳು ಕೀಲುವಾತಕ್ಕೆ ಬಂದದ್ದು ಹೀಗೆ.

ಆದರೆ ಟಿ.ಎನ್.ಎಫ್. ಕೇವಲ ಶತ್ರುವಲ್ಲ. ನಮ್ಮೊಳಗೆ ನಿದ್ರಿಸುವ ಕ್ಷಯದ ಕ್ರಿಮಿಗಳ ಸುತ್ತ ದೇಹ ಒಂದು ಕೋಟೆ ಕಟ್ಟಿರುತ್ತದೆ. ಆ ಕೋಟೆಯ ಕಾವಲುಗಾರನೂ ಅದೇ. ಕಾವಲು ತೆಗೆದರೆ ಕ್ರಿಮಿ ಹೊರಬರುತ್ತದೆ. 2001ರಲ್ಲಿ ಈ ಮದ್ದು ಪಡೆದ 70 ಮಂದಿಗೆ ಕ್ಷಯ ತಗಲಿದ್ದು ವರದಿಯಾಯಿತು. ಅವರಲ್ಲಿ 64 ಮಂದಿ ಕ್ಷಯ ವಿರಳವಾದ ದೇಶಗಳವರು! ನಮ್ಮಲ್ಲಾದರೋ 2019–21ರ ರಾಷ್ಟ್ರೀಯ ಸಮೀಕ್ಷೆಯಂತೆ, 15 ವರ್ಷ ಮೀರಿದ ನೂರು ಜನರಲ್ಲಿ ಸುಮಾರು 31 ಮಂದಿಯ ದೇಹದಲ್ಲಿ ಈ ಸೋಂಕು ಅಡಗಿದೆ.

2014ರಲ್ಲಿ ಅಹಮದಾಬಾದಿನ ಝೈಡಸ್ ಸಂಸ್ಥೆ ಅಡಲಿಮುಮ್ಯಾಬ್ ಎಂಬ ಇಂಥದೇ ಔಷಧಿಯ ದೇಶೀಯ ರೂಪವನ್ನು ಕಡಿಮೆ ಬೆಲೆಗೆ ತಂದಿತು. ಬೆಲೆ ಇಳಿದಷ್ಟೂ ಎಚ್ಚರ ಹೆಚ್ಚಬೇಕು. ಸೂಜಿಗೆ ಮೊದಲು ಎದೆಯ ಎಕ್ಸ್‌ರೇ, ಕ್ಷಯ ಮತ್ತು ಕಾಮಾಲೆ ವೈರಾಣುಗಳ ಪರೀಕ್ಷೆ ಆಗಲೇಬೇಕು. ಅಡಗಿದ ಕ್ಷಯ ಕಂಡರೆ ಅದಕ್ಕೆ ಮೊದಲು ಮದ್ದು ಆರಂಭಿಸುತ್ತಾರೆ. ಬಳಿಕ ಸೂಜಿ ಕೊಡಬಹುದು.

ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿದ್ದರೆ, ಮಗಳ ಮದುವೆಗೆ ತೊಡಕೆಂದು ಮುಚ್ಚಿಡುವ ಕುಟುಂಬಗಳು ನಮ್ಮಲ್ಲಿ ಇನ್ನೂ ಇವೆ. ಊರಿಗೆ ಹೇಳದಿದ್ದರೂ ಸರಿ, ವೈದ್ಯರಿಗೆ ಮಾತ್ರ ಮುಚ್ಚಿಡಬೇಡಿ.