ಮೀನಿನ ಟ್ಯಾಂಕಿನ ಕಟ್ಟಿಗೆಗೊಂದು ಲಂಗರು

ಮಳೆಗಾಲದಲ್ಲಿ ಕಾಳಿ, ಗಂಗಾವಳಿ ಎರಡೂ ಘಟ್ಟದ ಮೇಲಿಂದ ಕಟ್ಟಿಗೆ ತಂದು ಸಮುದ್ರಕ್ಕೆ ಹಾಕ್ತವೆ, ಸಮುದ್ರ ಅದನ್ನ ತಿಕ್ಕಿ ತೊಳೆದು ನಮ್ಮ ದಂಡೆಗೆ ತಿರುಗಿ ಕೊಡ್ತದೆ. ಮೊದಲೆಲ್ಲ ಅದು ಬಚ್ಚಲ ಒಲೆಗೆ ಹೋಗ್ತಿತ್ತು. ಈಗ ಮಕ್ಕಳಿಗೆ ಮೀನಿನ ಟ್ಯಾಂಕಿಗೆ ಬೇಕು. ಚಂದವೇನೋ ಹೌದು, ಆದ್ರೆ ತೇಲ್ತದಲ್ಲ, ನಿಲ್ಲಿಸೂದು ಹೆಂಗೆ ಹೇಳಿ ಕೇಳುವವರೇ ಹೆಚ್ಚು. ನೀರೊಳಗೆ ಹೀಗೆ ಕಟ್ಟಿ ನಿಲ್ಲಿಸುವ ವಿದ್ಯೆಯ ಹಳೇ ಕತೆಯಲ್ಲಿ ಇಬ್ರು ಹೆಂಗಸ್ರಿದ್ದಾರೆ, ಇಬ್ರೂ ಸೂಜಿ ದಾರ ಹಿಡಿದವರು.

ಒಬ್ಳು ಫ್ರಾನ್ಸಿನ ಜಾನ್ ವಿಲ್‌ಪ್ರೂ ಪವರ್. 1794ರಲ್ಲಿ ಹಳ್ಳಿಯಲ್ಲಿ ಹುಟ್ಟಿದವಳು, ಪ್ಯಾರಿಸ್ಸಿಗೆ ಹೋಗಿ ಬಟ್ಟೆ ಹೊಲಿದು ಬದುಕಿದವಳು. 1816ರಲ್ಲಿ ರಾಜಕುಮಾರಿಯೊಬ್ಬಳ ಮದುವೆ ಉಡುಪಿನ ಕೆಲಸದಿಂದ ಹೆಸರು ಬಂತು. ಮದುವೆಯಾಗಿ ಸಿಸಿಲಿಗೆ ಹೋದ ಮೇಲೆ ಸಮುದ್ರದ ಜೀವಿಗಳ ಹಿಂದೆ ಬಿದ್ಲು. 1832ರಲ್ಲಿ ಗಾಜಿನ ಟ್ಯಾಂಕ್ ಮಾಡಿಸಿ ಅದರಲ್ಲಿ ಜೀವಿ ಸಾಕಿ ನೋಡಿದ್ಲು. ಅಷ್ಟಕ್ಕೇ ಬಿಡದೆ ಸಮುದ್ರದೊಳಗೇ ಪಂಜರ ಇಳಿಸಿ, ಅಲೆಗೆ ಹೋಗದ ಹಾಗೆ ಲಂಗರು ಹಾಕಿಸಿದ್ಲು. ಆರ್ಗೊನಾಟ ಎಂಬ ಎಂಟು ಕೈಯ ಜೀವಿ ತನ್ನ ಚಿಪ್ಪನ್ನ ತಾನೇ ಕಟ್ಟಿಕೊಳ್ತದೆ ಹೇಳಿ ತೋರಿಸಿದವಳು ಅವಳೇ.

ಇನ್ನೊಬ್ಳು ಲಂಡನ್ನಿನ ಆ್ಯನಾ ಥಿನ್. 1846ರಲ್ಲಿ ಟಾರ್ಕಿ ದಂಡೆಯಿಂದ ಹವಳ ತರುವಾಗ ದಾರೀಲಿ ಉರುಳಿ ಪೆಟ್ಟಾಗಬಾರದು ಹೇಳಿ ಸ್ಪಂಜಿಗೆ ಸೂಜಿ ದಾರದಲ್ಲಿ ಹೊಲಿದುಬಿಟ್ಲು! ಮನೆಯಲ್ಲಿ ಆ ನೀರಿಗೆ ಗಾಳಿ ಸೇರಲಿ ಹೇಳಿ ದಿನಾ ಅರ್ಧ ತಾಸಿಗೂ ಹೆಚ್ಚು, ತೆರೆದ ಕಿಟಕಿ ಎದುರು ಪಾತ್ರೆಯಿಂದ ಪಾತ್ರೆಗೆ ಹೊಯ್ತಿದ್ದದ್ದು ಮನೆಗೆಲಸದ ಹುಡುಗಿ. ಅವಳ ಹೆಸರು ಯಾರು ಕೇಳ್ತಾರೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೀತು, ಮರುವರ್ಷ ಫಿಲಿಪ್ ಗೋಸ್ ಪುಸ್ತಕ ಬರೆದ, ಅಕ್ವೇರಿಯಂ ಅನ್ನುವ ಹೆಸರೂ ಕೀರ್ತಿಯೂ ಅವನ ಪಾಲಿಗೆ ಹೋಯ್ತು.

ಆಗಿನ ಟ್ಯಾಂಕುಗಳಿಗೆ ಪಾಟಿ ಕಲ್ಲಿನ ತಳ, ಕಬ್ಬಿಣದ ಚೌಕಟ್ಟು. ಈಗ ತಳವೂ ಗಾಜೇ, ಸಿಲಿಕೋನ್ ಅಂಟಿನಲ್ಲಿ ನಿಂತದ್ದು. ಹಾಗಾಗಿ ಕಟ್ಟಿಗೆ ಮೇಲೆ ಕಲ್ಲು ಪೇರಿಸಿ ಒತ್ತೂದು ಬ್ಯಾಡ ಮಾರಾಯ್ತಿ. ನಮ್ಮ ಕೇರಿಯ ಒಂದು ಮನೆಲಿ ಕಲ್ಲು ಜಾರಿ ಗಾಜು ಒಡೆದು, ಬೆಳಗಾಗೂದ್ರೊಳಗೆ ಜಗಲಿ ತುಂಬ ನೀರು. ಪಕ್ಕದಲ್ಲೇ ಕರೆಂಟಿನ ಬೋರ್ಡು.

ರಂಪಣಿ ಬಲೆ ಕಂಡವರಿಗೆ ಗೊತ್ತು, ತೇಲೂದು ಮೇಲೆ, ಭಾರ ಕೆಳಗೆ. ಇಲ್ಲೂ ಅದೇ. ಅಡಿಗೆಮನೆ ಕಟ್ಟೆಯ ಉಳಿದ ಗ್ರಾನೈಟ್ ತುಂಡಿಗೆ ತೂತು ಹೊಡೆಸಿ, ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂವಿನಲ್ಲಿ ಅಡಿಯಿಂದ ಕಟ್ಟಿಗೆಗೆ ಬಿಗಿಸಿ. ಸ್ಕ್ರೂವಿನ ತಲೆ ಕಲ್ಲಿನೊಳಗೇ ಹೂತಿರಲಿ, ಇಲ್ಲದಿದ್ರೆ ತಳದ ಗಾಜಿಗೆ ಒತ್ತೂದು. ಸಣ್ಣ ಕಟ್ಟಿಗೆಯಾದ್ರೆ ಗಾಳದ ನೈಲಾನ್ ದಾರ ಸಾಕು. ಕಲ್ಲು ಇಟ್ಟ ಮೇಲೆ ಮರಳು ಹಾಕಿ. ಕಟ್ಟಿಗೆ ನೀರು ಕುಡಿದು ಉಬ್ಬೂದ್ರಿಂದ ಎರಡು ಗಾಜಿನ ನಡುವೆ ಸಿಕ್ಕಿಸೂದಂತೂ ಬೇಡವೇ ಬೇಡ.

ಇದಕ್ಕೆಲ್ಲ ಮೊದಲು, ದಂಡೆಯ ಕಟ್ಟಿಗೆಯನ್ನ ಸಿಹಿ ನೀರಲ್ಲಿ ವಾರಗಟ್ಟಲೆ ನೆನೆಸಿ ಉಪ್ಪು ಬಿಡಿಸಬೇಕು, ನೀರು ಬದಲಿಸ್ತಾ ಇರಬೇಕು. ನೀರು ಚಾದ ಬಣ್ಣಕ್ಕೆ ತಿರುಗಿದ್ರೆ ಹೆದರಬೇಡಿ, ಅದು ಕಟ್ಟಿಗೆಯ ಒಗರು.