ಲೆಸ್ತಾಕ್‌ನ ಮನೆಗಳು

ಲೆಸ್ತಾಕ್‌ನ ಮನೆಗಳು: ಫ್ರೆಂಚ್ ಚಿತ್ರಕಾರ ಜಾರ್ಜ್ ಬ್ರಾಕ್ (1882-1963) 1908ರ ಬೇಸಗೆಯಲ್ಲಿ, ಮಾರ್ಸೇಯ್ ನಗರಕ್ಕೆ ಹೊಂದಿಕೊಂಡ ಲೆಸ್ತಾಕ್ ಎಂಬ ಕಡಲತೀರದ ಊರಿನಲ್ಲಿ ರಚಿಸಿದ ತೈಲಚಿತ್ರ. ಎತ್ತರ ಸುಮಾರು 73 ಸೆಂ.ಮೀ., ಅಗಲ ಸುಮಾರು 60 ಸೆಂ.ಮೀ. ಘನಾಕೃತಿ ಪಂಥದ, ಅಂದರೆ ಕ್ಯೂಬಿಸಂನ, ಆದಿಕೃತಿಗಳಲ್ಲಿ ಒಂದೆಂದು ಕಲೇತಿಹಾಸಕಾರರು ಎಣಿಸುವ ಈ ಚಿತ್ರದ ಮೂಲವು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕಲಾ ಸಂಗ್ರಹಾಲಯದಲ್ಲಿದ್ದರೆ, ಅದರ ಮುದ್ರಿತ ಪ್ರತಿಗಳು ಕಟ್ಟು ಹಾಕಿಸಿಕೊಂಡು ಅನೇಕ ದೇಶಗಳ ಮನೆಗೋಡೆಗಳನ್ನು ಸೇರಿವೆ.

ಬ್ರಾಕ್ ಲೆಸ್ತಾಕ್‌ಗೆ ಹೋದುದು ಆಕಸ್ಮಿಕವಲ್ಲ. 1906ರಲ್ಲಿ ತೀರಿಕೊಂಡ ಪಾಲ್ ಸೆಜಾನ್ ತನ್ನ ನಡುಹರೆಯದಲ್ಲಿ ಮತ್ತೆ ಮತ್ತೆ ಬಂದು ಚಿತ್ರಿಸಿದ್ದ ಊರು ಅದು. 1907ರಲ್ಲಿ ಪ್ಯಾರಿಸ್ಸಿನಲ್ಲಿ ಏರ್ಪಟ್ಟ ಆತನ ಚಿತ್ರಗಳ ಸ್ಮಾರಕ ಪ್ರದರ್ಶನವು ಆ ಕಾಲದ ತರುಣ ಕಲಾವಿದರಿಗೆ ದೀಕ್ಷೆಯಂತಾಯಿತು. ಅದಕ್ಕೆ ಮೊದಲು ಕೆಂಪು, ಕಿತ್ತಳೆ, ನೇರಳೆಗಳನ್ನು ಧಾರಾಳವಾಗಿ ಚೆಲ್ಲುತ್ತಿದ್ದ ಬ್ರಾಕ್, ಈ ಚಿತ್ರದಲ್ಲಿ ಕಾವಿ, ಹಸುರು, ಬೂದಿ ಬಣ್ಣಗಳಷ್ಟಕ್ಕೇ ತನ್ನ ಕೈಯನ್ನು ಕಟ್ಟಿಹಾಕಿಕೊಂಡನು.

ಚಿತ್ರದಲ್ಲಿ ಆಕಾಶವಿಲ್ಲ, ಕ್ಷಿತಿಜವೂ ಇಲ್ಲ. ಎಡಬದಿಯಲ್ಲಿ ಮರದ ಕಾಂಡವೊಂದು ಓರೆಯಾಗಿ ಮೇಲೇರುತ್ತದೆ. ಅದರ ಬಲಕ್ಕೆ ಬಾಗಿಲು ಕಿಟಕಿಗಳ ಸುಳಿವಿಲ್ಲದ ಮನೆಗಳು ಒಂದರ ಹೆಗಲನ್ನು ಇನ್ನೊಂದು ಏರಿದಂತೆ ಮೇಲ್ಗಡೆಯ ಅಂಚಿನತ್ತ ಪೇರಿಸಿಕೊಂಡಿವೆ. ದೂರ ಸರಿದ ಹಾಗೆಲ್ಲ ರೇಖೆಗಳು ಒಂದು ಬಿಂದುವಿನಲ್ಲಿ ಕೂಡಬೇಕೆಂಬ, ಐರೋಪ್ಯ ಚಿತ್ರಕಲೆಯು ನಾಲ್ಕು ಶತಮಾನಗಳಿಗೂ ಮೇಲ್ಪಟ್ಟು ಪಾಲಿಸಿಕೊಂಡು ಬಂದಿದ್ದ ನಿಯಮವನ್ನು ಇಲ್ಲಿನ ಮಾಡುಗಳು ಪಾಲಿಸುವುದಿಲ್ಲ. ಒಂದು ಗೋಡೆಗೆ ಬೆಳಕು ಬಿದ್ದ ದಿಕ್ಕಿಗೂ ಪಕ್ಕದ ಗೋಡೆಯ ನೆರಳಿಗೂ ಹೊಂದಿಕೆಯಿಲ್ಲ. ಕೆಲವೆಡೆ ಮಾಡಿನ ಅಂಚು ಮುಗಿಯದೆ ಹಿಂದಿನ ಎಲೆಗಳ ಹಸುರಿನೊಳಕ್ಕೆ ಹರಿದುಹೋಗಿ, ಯಾವುದು ಮುಂದು ಯಾವುದು ಹಿಂದು ಎಂಬ ನಿರ್ಣಯವನ್ನು ನೋಡುವವನ ಕಣ್ಣಿಗೇ ಬಿಟ್ಟುಕೊಡುತ್ತದೆ. ಊರಿನ ನೋಟವನ್ನು ತೋರಿಸುವುದಕ್ಕಿಂತ ಗೋಡೆಗಳ ತೂಕವನ್ನು ತೋರಿಸುವುದೇ ಚಿತ್ರಕಾರನ ಉದ್ದೇಶವೆಂದು ತೋರುತ್ತದೆ.

ಲೆಸ್ತಾಕ್‌ನಿಂದ ತಂದ ಚಿತ್ರಗಳನ್ನು ಬ್ರಾಕ್ ಆ ವರ್ಷದ ಶರತ್ಕಾಲದ ಸಲೋನ್ ಪ್ರದರ್ಶನಕ್ಕೆ ಕಳುಹಿಸಿದಾಗ, ಸ್ವತಃ ಚಿತ್ರಕಾರ ಆನ್ರಿ ಮತೀಸ್ ಸದಸ್ಯನಾಗಿದ್ದ ಆಯ್ಕೆಮಂಡಲಿಯು ಅವುಗಳನ್ನು ತಿರಸ್ಕರಿಸಿತು. ಜರ್ಮನ್ ವರ್ತಕ ಕಾನ್‌ವೈಲರ್ ತನ್ನ ಪ್ಯಾರಿಸ್ಸಿನ ಪುಟ್ಟ ಚಿತ್ರಶಾಲೆಯಲ್ಲಿ ನವೆಂಬರ್ ತಿಂಗಳಲ್ಲಿ ಅವಕ್ಕೆ ಆಶ್ರಯ ಕೊಟ್ಟನು. ಕವಿ ಅಪೊಲಿನೇರ್ ಮುನ್ನುಡಿ ಬರೆದನು. ವಿಮರ್ಶಕ ಲೂಯಿ ವೋಸೆಲ್ ಮಾತ್ರ, ಬ್ರಾಕ್ ಮನೆ ಮನುಷ್ಯರೆಲ್ಲವನ್ನೂ ಘನಗಳನ್ನಾಗಿ ಇಳಿಸಿಬಿಡುತ್ತಾನೆಂದು ಪತ್ರಿಕೆಯಲ್ಲಿ ಆಕ್ಷೇಪಿಸಿದನು. ಆ ಆಕ್ಷೇಪದಿಂದಲೇ ಪಂಥಕ್ಕೆ ಹೆಸರಾಯಿತು. ಚಿತ್ರವನ್ನು ಕೊಂಡ ಬರ್ನ್ ನಗರದ ವ್ಯಾಪಾರಿ ಹೆರ್ಮನ್ ರುಫ್ ಕಾನ್‌ವೈಲರನ ಬಹುಕಾಲದ ಸ್ನೇಹಿತ. ರುಫ್ ದಂಪತಿಗಳ ಪ್ರತಿಷ್ಠಾನದ ಮೂಲಕವೇ ಅದು ಸಂಗ್ರಹಾಲಯಕ್ಕೆ ಸಂದಿದೆ.

ಮನೆಗೆ ಸುಣ್ಣಬಣ್ಣ ಮಾಡುವ, ಗೋಡೆಯನ್ನು ಸಿಂಗರಿಸುವ ಕಸುಬು ಬ್ರಾಕ್‌ಗೆ ತಂದೆಯಿಂದ ಬಂದುದು; ಅಮೃತಶಿಲೆಯ ಗೆರೆಗಳನ್ನೂ ಮರದ ನಾರನ್ನೂ ಬಣ್ಣದಲ್ಲಿ ಅನುಕರಿಸುವುದನ್ನು ಆತ ಎಳೆಯದರಲ್ಲಿ ಕಲಿತಿದ್ದನು. ಅಂಥವನ ಚಿತ್ರವು ಗೃಹಾಲಂಕಾರದ ಸಾಮಗ್ರಿಯಾಗಿ ಪರಿಣಮಿಸಿದುದರಲ್ಲಿ ಅನ್ಯಾಯವೇನೂ ಇಲ್ಲವೆನ್ನಬಹುದು. ಅದರ ಗಟ್ಟಿಯಾದ ಕಟ್ಟಡವು ಮುದ್ರಣದಲ್ಲಿ ಅಷ್ಟಾಗಿ ಕೆಡುವುದೂ ಇಲ್ಲ. ಕೆಡುವುದು ಕುಂಚದ ಗುರುತು. ಗೋಡೆಗಳ ಮೇಲೆ ಒಂದರ ಪಕ್ಕದಲ್ಲೊಂದು ಎಳೆದ ಗಿಡ್ಡ ಕುಂಚರೇಖೆಗಳೇ ಮಾಡಿಗೂ ಎಲೆಗೂ ಸಂಬಂಧ ಕಲ್ಪಿಸುವಂಥವು. ಆಫ್‌ಸೆಟ್ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಆ ಸ್ಥಳದಲ್ಲಿ ಕಾಣುವುದು ನಾಲ್ಕು ಶಾಯಿಗಳ ಚುಕ್ಕಿಸಾಲು ಮಾತ್ರ. ಶಾಯಿಯ ಪ್ರಮಾಣ ಕೊಂಚ ಹೆಚ್ಚು ಕಡಮೆಯಾದರೂ ಕಾವಿಯು ಕಿತ್ತಳೆಗೆ ತಿರುಗಿ, ಬ್ರಾಕ್ ಬೇಕೆಂದೇ ತೊರೆದ ಹಳೆಯ ಬಣ್ಣವೇ ಮರಳಿ ಬಂದಂತಾಗುತ್ತದೆ. ಹೊಳಪುಳ್ಳ ಕಾಗದ ಮತ್ತು ಗಾಜುಗಳು ಕೋಣೆಯ ದೀಪವನ್ನು ಪ್ರತಿಬಿಂಬಿಸಿ ಉಳಿದುದನ್ನೂ ಮರೆಸುತ್ತವೆ.

ಚೌಕಟ್ಟಿನ ಅಳತೆಯದು ಬೇರೆಯೇ ತೊಡಕು. ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುವ 18×24 ಅಂಗುಲದ ಕಟ್ಟಿನ ಎತ್ತರ ಅಗಲಗಳ ಪ್ರಮಾಣವು ಮೂಲದ್ದಕ್ಕೆ ಹೊಂದದೆ, ಕಟ್ಟು ತುಂಬುವಂತೆ ಚಿತ್ರವನ್ನು ಹಿಗ್ಗಿಸಿದರೆ ಮೂಲದ ಅಗಲದಲ್ಲಿ 5 ಸೆಂ.ಮೀ.ಗೂ ಹೆಚ್ಚು ಭಾಗ ಕತ್ತರಿಸಿಹೋಗುತ್ತದೆ. ಎಡದಂಚಿನಲ್ಲಿ ಕತ್ತರಿಸಿದರೆ ಮನೆಗಳನ್ನೆಲ್ಲ ತಡೆದು ನಿಲ್ಲಿಸಿರುವ ಆ ಮರವೇ ಚೌಕಟ್ಟಿಗೆ ಒತ್ತಿಕೊಳ್ಳುತ್ತದೆ. ಸುತ್ತ ಬಿಳಿಯ ಅಂಚು ಬಿಟ್ಟು, ಇಡೀ ಚಿತ್ರವನ್ನು ಮಂದ ಕಾಗದದ ಮೇಲೆ ಮೂಲದ ಅಳತೆಯಲ್ಲೇ ಅಚ್ಚಿಸಿದ ಪ್ರತಿಯು ಮಿಕ್ಕವುಗಳಿಗಿಂತ ಮೇಲು. ಪ್ರತಿಗಳನ್ನು ಅಚ್ಚಿಸುವ ಹಕ್ಕಿನ ಮಾತಿಗೆ ಬಂದರೆ, ಲೇಖಕ ಕಲಾವಿದರ ಮರಣಾನಂತರ 60 ವರ್ಷ ನಡೆಯುವ ಭಾರತದ ಕೃತಿಸ್ವಾಮ್ಯವು ಬ್ರಾಕ್‌ನ ಕೃತಿಗಳಿಗೆ 2023ರ ಅಂತ್ಯಕ್ಕೆ ತೀರಿದೆ. 70 ವರ್ಷದ ನಿಯಮವಿರುವ ಫ್ರಾನ್ಸಿನಲ್ಲಿ ಅದು 2033ರ ಕೊನೆಯವರೆಗೆ ಇರುತ್ತದೆ.