ಹರೀಶ್ ಹಂದೆ: ಸೌರ ವಿದ್ಯುತ್ತಿಗೆ ಸಾಲದ ದಾರಿ ತೋರಿದ ತಜ್ಞ

ಹೆಬ್ರಿಯಂಥ ಪಶ್ಚಿಮ ಘಟ್ಟದ ತಪ್ಪಲಿನ ಊರುಗಳಲ್ಲಿ ಮನೆಗಳು ಅಡಿಕೆ ತೋಟ, ಗದ್ದೆ, ಕಾಡುಗಳ ನಡುವೆ ಚದುರಿಕೊಂಡಿರುತ್ತವೆ. ಒಂಟಿ ಮನೆಗೆ ವಿದ್ಯುತ್ ತಂತಿ ಎಳೆಯುವುದು ದುಬಾರಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗುವುದೂ ಸಾಮಾನ್ಯ. ಇಂಥ ಮನೆಗಳಿಗೆ ಸೌರ ವಿದ್ಯುತ್ ತಲುಪಲು ತಂತ್ರಜ್ಞಾನದಷ್ಟೇ ಸಾಲದ ವ್ಯವಸ್ಥೆಯೂ ಮುಖ್ಯವೆಂದು ಕರ್ನಾಟಕದಲ್ಲಿ ತೋರಿಸಿಕೊಟ್ಟವರು ಇಂಧನ ತಜ್ಞ ಡಾ. ಹರೀಶ್ ಹಂದೆ.

ಒಡಿಶಾದ ರೂರ್ಕೆಲಾದಲ್ಲಿ ಬೆಳೆದ ಹಂದೆ, ಖರಗ್‌ಪುರದ ಐಐಟಿಯಲ್ಲಿ ಇಂಧನ ಎಂಜಿನಿಯರಿಂಗ್ ಪದವಿ ಪಡೆದು, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕೇಂದ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಆರಂಭದಲ್ಲಿ ಬೃಹತ್ ಸೌರ ಶಾಖ ಸ್ಥಾವರಗಳತ್ತ ಅವರ ಒಲವಿತ್ತು. ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಲ್ಲಿ ಬಡವರೂ ಹಣ ತೆತ್ತು ಸೌರ ದೀಪ ಬಳಸುವುದನ್ನು ಕಂಡ ಬಳಿಕ ಸಂಶೋಧನೆಯ ದಿಕ್ಕು ಬದಲಾಯಿತು. ಶ್ರೀಲಂಕಾದ ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿಯೂ ಅವರು ನೆಲೆಸಿ ಅಧ್ಯಯನ ನಡೆಸಿದರು.

1995ರಲ್ಲಿ ನೆವಿಲ್ ವಿಲಿಯಮ್ಸ್ ಜತೆಗೂಡಿ ಅವರು ಸೆಲ್ಕೋ ಸಂಸ್ಥೆ ಆರಂಭಿಸಿದರು. ಸೀಮೆಎಣ್ಣೆಗೆ ದಿನವೂ ಚಿಲ್ಲರೆ ಹಣ ವ್ಯಯಿಸುವ ಕುಟುಂಬ, ಸೌರ ಫಲಕ ಹಾಗೂ ಬ್ಯಾಟರಿಯ ಬೆಲೆಯನ್ನು ಒಮ್ಮೆಲೇ ತೆರಲಾರದು. ಆದ್ದರಿಂದ ಆದಾಯ ಬರುವ ರೀತಿಗೆ ತಕ್ಕಂತೆ ಕಂತು ನಿಗದಿಯಾಗಬೇಕು: ಬೀದಿ ವ್ಯಾಪಾರಿಗೆ ದಿನದ ಕಂತು, ರೈತನಿಗೆ ಫಸಲಿನ ಕಂತು. ಇದು ಹಂದೆಯವರ ಪ್ರತಿಪಾದನೆ.

ಗ್ರಾಮೀಣ ಬ್ಯಾಂಕುಗಳು ಈ ಸಾಲಕ್ಕೆ ಮುಂದಾದವು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಮೂಲಕ ಬಡ್ಡಿ ರಿಯಾಯಿತಿಯ ಸೌರ ಸಾಲ ಯೋಜನೆ ಜಾರಿಗೊಳಿಸಿತು. ಸುಮಾರು 1 ಲಕ್ಷ ಜನರಿಗೆ ಅದರ ಪ್ರಯೋಜನ ದೊರೆಯಿತು. ಕರಾವಳಿಯಲ್ಲೇ ಹುಟ್ಟಿದ ಈ ಎರಡೂ ಬ್ಯಾಂಕುಗಳು 2020ರಲ್ಲಿ ಒಂದಾದವು.

ಸೆಲ್ಕೋಗೆ 2005 ಮತ್ತು 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಸಂದಿತು. ಹಂದೆಯವರಿಗೆ 2011ರಲ್ಲಿ ರಾಮೋನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಆ ವೇಳೆಗೆ ಸಂಸ್ಥೆಯು 1 ಲಕ್ಷಕ್ಕೂ ಹೆಚ್ಚು ಮನೆಗಳನ್ನು ತಲುಪಿತ್ತು. ಸೆಲ್ಕೋ ಪ್ರತಿಷ್ಠಾನವು ಹೊಲಿಗೆ ಯಂತ್ರ, ರೊಟ್ಟಿ ತಯಾರಿಕೆ, ಆರೋಗ್ಯ ಕೇಂದ್ರಗಳಿಗೆ ಸೌರ ವಿದ್ಯುತ್ ಒದಗಿಸುವತ್ತ ಗಮನ ಹರಿಸಿದೆ.

ಈಗ ಬಹುತೇಕ ಮನೆಗಳಿಗೆ ತಂತಿ ತಲುಪಿದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನವೂ ಇದೆ. ಆದರೆ ಅದಕ್ಕೆ ಸ್ವಂತ ಛಾವಣಿ ಬೇಕು. ಬಾಡಿಗೆ ಮನೆಯವರು, ತಳ್ಳುಗಾಡಿಯವರ ಕೈಗೆ ಸೌರ ವಿದ್ಯುತ್ ಹೇಗೆ ಎಟುಕಬೇಕೆಂಬ ಪ್ರಶ್ನೆ ನೀತಿ ನಿರೂಪಕರ ಮುಂದೆ ಹಾಗೆಯೇ ಉಳಿದಿದೆ.